ನಾಟಕ ವಿಮರ್ಶೆ ಬರೆಯೋಕೆ ಮೊದಲೇ ಆ ನಾಟಕದ ಪುಸ್ತಕ ಓದಿರಬೇಕಾ?

ಬೇಡ. ಪ್ರದರ್ಶನ ನೋಡುವ ಮೊದಲಂತೂ ಬೇಡವೇ ಬೇಡ. ಓದಿಕೊಂಡು ಹೋದಷ್ಟೂ ವಿಮರ್ಶೆ ಗಟ್ಟಿಯಾಗುತ್ತೆ ಅಂತ ನಾನೂ ನಂಬಿದ್ದೆ.

ಧಾರವಾಡದಲ್ಲಿ ಎಂ.ಎ. ಮಾಡುವಾಗ ಗಿರೀಶ ಕಾರ್ನಾಡರ ‘ತುಘಲಕ್’ ನನಗೆ ಹೆಚ್ಚುಕಡಿಮೆ ಬಾಯಿಪಾಠ. ಒಂದು ಹವ್ಯಾಸಿ ತಂಡ ಅದನ್ನು ಸೃಜನಾ ರಂಗಮಂದಿರದಲ್ಲಿ ಆಡಿತು, ನಾನು ಪತ್ರಿಕೆಗೆ ಬರೆದೆ. 1964ರ ನಾಟಕ, ನೆಹರೂ ಕಾಲದ ಭ್ರಮನಿರಸನ, ದೌಲತಾಬಾದಿಗೆ ಹೋದ ರಾಜಧಾನಿ, ತಾಮ್ರದ ನಾಣ್ಯ, ಎಲ್ಲಾ ಬಂತು. ನಟರಿಗೆ ಕೊನೆಗೆ ಒಂದೇ ಸಾಲು: ‘ಎಲ್ಲರ ಅಭಿನಯ ಚೆನ್ನಾಗಿತ್ತು.’

ಎರಡನೇ ದೃಶ್ಯದಲ್ಲಿ ತುಘಲಕ್ ಒಬ್ಬನೇ ಚದುರಂಗ ಆಡುತ್ತಿರುತ್ತಾನೆ. ಆ ನಟ ಒಂದು ಕಾಯಿ ನಡೆಸಿದ. ಎದ್ದು ಎದುರಿಗೆ ಹೋಗಿ ಕೂತ. ತಾನು ಬಿಟ್ಟು ಬಂದ ಖಾಲಿ ಜಾಗವನ್ನೇ ಶತ್ರುವನ್ನು ನೋಡಿದ ಹಾಗೆ ನೋಡಿದ. ಯಾರನ್ನೂ ನಂಬದ ಸುಲ್ತಾನ ಅಲ್ಲೇ ಇದ್ದ, ಒಂದೂ ಮಾತಿಲ್ಲದೆ. ಅದು ನನ್ನ ಕಣ್ಣೆದುರೇ ನಡೆಯಿತು. ಆದರೆ ನಾನು ಮುಂದಿನ ಸಂಭಾಷಣೆಯನ್ನು ಮನಸ್ಸಿನಲ್ಲಿ ಒಪ್ಪಿಸುತ್ತಿದ್ದೆ. ಅವರು ಬಿಟ್ಟ ಸಾಲುಗಳನ್ನು ಮಾತ್ರ ಗುರುತು ಹಾಕಿಕೊಂಡೆ, ಅದನ್ನೇ ಅಚ್ಚಿಗೂ ಕೊಟ್ಟೆ. ಆ ನಟ ಸಿಕ್ಕಾಗ ಕೇಳಿದ್ದು ಇಷ್ಟೇ: “ಪುಸ್ತಕದ ಬಗ್ಗೆ ಚಲೋ ಬರದೀರಿ ಸರ. ನಾವು ಮಾಡಿದ್ದು ಎಲ್ಲಿ ಐತ್ರಿ?” ಆ ತಂಡ ಮತ್ತೆ ನನ್ನನ್ನು ತಾಲೀಮಿಗೆ ಕರೆಯಲಿಲ್ಲ. ತಾಲೀಮು ನೋಡುತ್ತಾ ಕಲಿಯುವುದು ಎಷ್ಟೋ ಇತ್ತು.

ನಮ್ಮ ಕಡೆ ಜನ ಹೇಗೆ ನೋಡ್ತಾರೆ ಗಮನಿಸಿ. ‘ಸಂಗ್ಯಾ ಬಾಳ್ಯಾ’ ಸಣ್ಣಾಟದ, ಅಂದ್ರೆ ನಮ್ಮ ಕಡೆಯ ಜನಪದ ನಾಟಕದ, ಕಥೆ ಯಾರಿಗೆ ಗೊತ್ತಿಲ್ಲ? ಬಾಳ್ಯಾ ಗೆಳೆಯನಿಗೆ ದ್ರೋಹ ಮಾಡ್ತಾನೆ ಅಂತ ಗೊತ್ತಿದ್ದೇ ಬೆಳತನಕ ಕೂತಿರುತ್ತಾರೆ. ಈ ಸಲದ ಬಾಳ್ಯಾ ಸಂಗ್ಯಾನನ್ನು ಕರೆಯುವಾಗ ದನಿ ಎಲ್ಲಿ ತಗ್ಗಿಸಿದ, ಹಿಮ್ಮೇಳ ಎಲ್ಲಿ ಎತ್ತಿಕೊಂಡಿತು ಅಂತ ಮರುದಿನ ಚಹಾದಂಗಡಿಯಲ್ಲಿ ವಾದ ನಡೆಯುತ್ತೆ. ನನ್ನ ಪ್ರಕಾರ ಅದೇ ಅಸಲಿ ವಿಮರ್ಶೆ. ಇನ್ನು ಜಾತ್ರೆಯ ಕಂಪನಿ ನಾಟಕದಲ್ಲಿ ಹಾಸ್ಯನಟ ಊರಿಗೊಂದು ಮಾತು ಸೇರಿಸ್ತಾನೆ. ಅದನ್ನು ಯಾವ ಪುಸ್ತಕದಲ್ಲಿ ಹುಡುಕ್ತೀರಿ?

ಸುಮ್ನೆ ಹೋಗಿ ಕೂತ್ಕೊಳ್ಳಿ. ಆಟ ನಡೆಯುವಾಗ ತಲೆ ಬಗ್ಗಿಸಿ ಟಿಪ್ಪಣಿ ಬರೆಯಬೇಡಿ. ಪುಸ್ತಕ ಆಮೇಲೆ ಓದಿ, ಆದರೆ ಎರಡನೇ ಪ್ರದರ್ಶನವನ್ನೂ ನೋಡಿ. ಬರೆದಾದ ಮೇಲೆ ‘ಚೆನ್ನಾಗಿತ್ತು’ ಅಂತ ಬಂದ ಕಡೆಯೆಲ್ಲ ಅದನ್ನು ಹೊಡೆದುಹಾಕಿ, ನಟ ಏನು ಮಾಡಿದ, ಬೆಳಕು ಯಾರ ಮೇಲಿತ್ತು, ಯಾರು ಯಾರಿಗೆ ಬೆನ್ನು ಮಾಡಿ ನಿಂತಿದ್ದರು ಅಂತ ಬರೆಯಿರಿ.