ಕಾಲರ್ ಹೊಲಿಯುವವರ ಕೈ ನಿಧಾನವಾಗಿದೆ, ಏನು ಮಾಡಲಿ?

ಪ್ರಶ್ನೆ: ಅಕ್ಕಾ, ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್. ನನ್ನ ಲೈನಿನಲ್ಲಿ ಕಾಲರ್ ಹೊಲಿಯುವ ಒಬ್ಬರು ಗಂಟೆಗೆ 60 ಪೀಸ್ ಕೊಡುತ್ತಿದ್ದರು. ಒಂದು ತಿಂಗಳಿಂದ 30 ಕೂಡ ಆಗುತ್ತಿಲ್ಲ. ಊಟದ ಡಬ್ಬಿ ತೆರೆಯುವುದಿಲ್ಲ, ಬಾತ್‌ರೂಮಿಗೆ ಹೋಗಿ ಅಳುತ್ತಾರಂತೆ. ಮೇಲಿನವರು ನನ್ನನ್ನು ಬೈದರು, ನಾನು ಎಲ್ಲರ ಮುಂದೆ ಅವರನ್ನು ಬೈದೆ. ಮೊನ್ನೆಯಿಂದ ನನಗೂ ನಿದ್ದೆ ಇಲ್ಲ.
– ಹೆಸರು ಬೇಡ, ಬೆಂಗಳೂರು

ಉತ್ತರ: ತಮ್ಮಾ, ನಾನು 19 ವರ್ಷ ಟೈಲರ್ ಆಗಿದ್ದವಳು. ಅಮ್ಮ ತೀರಿಕೊಂಡ ವರ್ಷ ಅಂಗಿ ತೋಳಿನ ಒಂದೇ ಕಫ್ ಅನ್ನು ಮೂರು ಸಲ ಬಿಚ್ಚಿ ಹೊಲಿಯುತ್ತಿದ್ದೆ. ಎಲ್ಲರೂ "ಧೈರ್ಯ ತಗೋ" ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದರು. ಆದರೆ ನನ್ನ ಮುಂದೆ ಪೀಸು ಗುಡ್ಡೆ ಬೀಳುತ್ತಲೇ ಇತ್ತು. ಒಬ್ಬ ಸೂಪರ್‌ವೈಸರ್ ಮಾತ್ರ ಏನೂ ಕೇಳದೆ ಎರಡು ವಾರ ದಾರ ಕತ್ತರಿಸುವ ಟೇಬಲ್ಲಿಗೆ ಕಳಿಸಿದರು. ಸಂಬಳ ಹಿಡಿಯಲಿಲ್ಲ. ಅಲ್ಲಿ ನಿಂತು ಕತ್ತರಿ ಆಡಿಸುತ್ತಾ, ಮೊದಲ ಸಲ ಪಕ್ಕದವಳ ಹತ್ತಿರ ಅಮ್ಮನ ವಿಷಯ ಹೇಳಿಕೊಂಡೆ.

ಹಾಗಾಗಿ ಮೊದಲು ಆ ಗುಡ್ಡೆ ಇಳಿಸಿ. ಯಾರನ್ನು ಯಾವ ಮಷಿನ್‌ಗೆ ಕೂರಿಸಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇದೆ ಅಲ್ವಾ? ಕಾಲರ್‌ಗೆ ಸ್ವಲ್ಪ ದಿನ ಬೇರೆಯವರು ಕೂರಲಿ. ಫ್ಲೋರ್ ಇನ್‌ಚಾರ್ಜ್‌ಗೆ, "ಈ ಲೈನಿನಲ್ಲಿ ಒಂದು ಕೈ ಕಮ್ಮಿ ಅಂತ ಲೆಕ್ಕ ಹಾಕಿ ಟಾರ್ಗೆಟ್ ಇಡಿ" ಅಂತ ನೀವೇ ಹೇಳಬೇಕು. ಕಷ್ಟದ ಮಾತು, ಗೊತ್ತು. ಆದರೂ ಹೇಳಿ.

ಬೈದದ್ದು ಎಲ್ಲರ ಮುಂದೆ, ತಪ್ಪಾಯ್ತು ಅನ್ನುವುದೂ ಎಲ್ಲರ ಮುಂದೆಯೇ ಆಗಲಿ. ವಿಚಾರಿಸುವುದು ಮಾತ್ರ ಮಷಿನ್ ಸದ್ದಿಲ್ಲದ ಕಡೆ. ನೀವು ಒಬ್ಬರೇ ಕರೆದರೆ ಲೈನ್ ತುಂಬಾ ಮಾತು ಹುಟ್ಟುತ್ತದೆ. ಅವರು ನಂಬುವ ಹಿರಿಯ ಹೆಂಗಸೊಬ್ಬರು ಜೊತೆಗಿರಲಿ. ಕಾರಣ ಕೆದಕಬೇಡಿ. "ಇತ್ತೀಚೆಗೆ ನಿಮಗೆ ತುಂಬಾ ಕಷ್ಟ ಆಗ್ತಿದೆ ಅನ್ಸುತ್ತೆ, ನನ್ನಿಂದ ಏನಾಗಬೇಕು?" ಅಂತ ಕೇಳಿ ಸುಮ್ಮನಿರಿ. "ಬದುಕೇ ಸಾಕು" ಅನ್ನುವಂಥ ಮಾತು ಬಂದರೆ ಅವತ್ತು ಒಂಟಿಯಾಗಿ ಬಿಡಬೇಡಿ, ತಕ್ಷಣ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ರಜೆ ಹಾಕಿದರೆ ಮನೆ ನಡೆಯಲ್ಲ ಅನ್ನುವ ಭಯ ಅವರಿಗೆ ಇದ್ದೇ ಇರುತ್ತದೆ. ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಜ್ವರಕ್ಕೆ ಮಾತ್ರ ಅಂತ ನಮ್ಮಲ್ಲಿ ಜಾಸ್ತಿ ಜನ ತಿಳಿದಿದ್ದಾರೆ. ಮನಸ್ಸಿನ ಕಾಯಿಲೆಗೂ ಅದು ಇದೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ಹಣ ಕಟ್ಟಿರಬೇಕು. ಇಎಸ್‌ಐ ಡಾಕ್ಟರ್ ರಜೆ ಬರೆದುಕೊಟ್ಟರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ. ದೊಡ್ಡ ಫ್ಯಾಕ್ಟರಿಯಾದರೆ ಕಾರ್ಮಿಕರ ಕಷ್ಟಸುಖ ನೋಡುವ ವೆಲ್ಫೇರ್ ಆಫೀಸರ್ ಇರಲೇಬೇಕು. ಕಾಗದಪತ್ರಕ್ಕೆ ಅವರ ಸಹಾಯ ಕೇಳಿ.

ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, ಅದರ ನಂಬರ್ 14416 ಅನ್ನು ಚೀಟಿಯಲ್ಲಿ ಬರೆದು ಅವರಿಗೆ ಕೊಡಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಿಮಗೂ ನಿದ್ದೆ ಇಲ್ಲ ಅಂದಿರಲ್ಲ ತಮ್ಮಾ, ಇವತ್ತು ರಾತ್ರಿ ನೀವೂ ಒಂದು ಸಲ ಅದಕ್ಕೆ ಫೋನ್ ಮಾಡಿ.