ಲಾರಿ ಅಕ್ಕನ ಅಂಚೆ: ಎಫ್‌ಸಿ ಮುಗಿದ ಗಾಡಿ, ನಂಬರ್ ಇಲ್ಲದ ಟ್ರೇಲರ್

ಹೊಸದಾಗಿ ಓದುವವರಿಗೆ ಒಂದು ಮಾತು. ಚಳ್ಳಕೆರೆಯಲ್ಲಿ ನಮ್ಮದು ಎರಡು ಲಾರಿ ಇದ್ದವು. ಎಣ್ಣೆ ಮಿಲ್ಲುಗಳಿಗೆ ಶೇಂಗಾ ಹೊಡೆಯುತ್ತಿದ್ದವು. ಯಜಮಾನರು ಗಾಡಿ ನೋಡಿಕೊಂಡರು, ನಾನು ಫೈಲ್ ನೋಡಿಕೊಂಡೆ. ಅವರು ತೀರಿಕೊಂಡ ಮೇಲೆ ಎರಡೂ ನನ್ನ ತಲೆಗೇ ಬಂತು. ಈಗ ಗಾಡಿ ಮಾರಿ ಆಯಿತು, ಫೈಲಿನ ಚಾಳಿ ಮಾತ್ರ ಬಿಟ್ಟಿಲ್ಲ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಎಫ್‌ಸಿ ಬಗ್ಗೆಯೇ ಇವೆ. ಎಫ್‌ಸಿ ಅಂದರೆ ಗಾಡಿ ರಸ್ತೆಗಿಳಿಯಲು ಯೋಗ್ಯವಾಗಿದೆ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್. ಅದರಿಂದಲೇ ಶುರು ಮಾಡೋಣ.

ಪ್ರಶ್ನೆ: ಅಕ್ಕಾ, ನನ್ನದು ಹತ್ತು ಚಕ್ರದ ಲಾರಿ, ಒಂಬತ್ತು ವರ್ಷ ಹಳೆಯದು. ಎಂಜಿನ್ ಬಿಚ್ಚಿ ಎರಡು ತಿಂಗಳು ಗ್ಯಾರೇಜಿನಲ್ಲಿತ್ತು. ಅಷ್ಟರಲ್ಲಿ ಎಫ್‌ಸಿ ಮುಗಿದು 62 ದಿನ ಆಗಿದೆ. ಗಾಡಿ ಓಡಿಯೇ ಇಲ್ಲ, ಆದರೂ ದಂಡ ಕಟ್ಟಬೇಕಾ? ಇನ್ಶೂರೆನ್ಸ್ ಚಾಲ್ತಿಯಲ್ಲಿದೆ. ಒಂದೆರಡು ಬಾಡಿಗೆ ಹೊಡೆದು ಆ ದುಡ್ಡಲ್ಲಿ ಎಫ್‌ಸಿ ಮಾಡಿಸಬಹುದಾ?
— ಲಾರಿ ಮಾಲೀಕರು, ಹಿರಿಯೂರು

ಉತ್ತರ: ತಮ್ಮಾ, ಆ ಒಂದೆರಡು ಬಾಡಿಗೆಯ ಆಸೆ ಮೊದಲು ಬಿಡು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಎಫ್‌ಸಿ ಮುಗಿದ ಮೇಲೆ ತಡವಾದ ದಿನವೊಂದಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕ. ನಿನ್ನ 62 ದಿನಕ್ಕೆ 3,100 ರೂಪಾಯಿ. ಗಾಡಿ ಗ್ಯಾರೇಜಿನಲ್ಲಿತ್ತೋ ರಸ್ತೆಯಲ್ಲಿತ್ತೋ ಅಂತ ಆ ಲೆಕ್ಕ ಕೇಳುವುದಿಲ್ಲ. ಗಾಡಿ ಓಡಿಸುತ್ತಿಲ್ಲ ಎಂದು ಮೊದಲೇ ಆರ್‌ಟಿಓಗೆ ಬರೆದುಕೊಡುವ ಪದ್ಧತಿ ಇದೆ ನಿಜ. ಆದರೆ ಅದು ತೆರಿಗೆಯ ವಿಚಾರ, ಎಫ್‌ಸಿಯದ್ದಲ್ಲ. ಇದನ್ನು ಎಷ್ಟೋ ಜನ ಕಲಸಿಕೊಳ್ಳುತ್ತಾರೆ.

ಇನ್ನೊಂದು. ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎಫ್‌ಸಿ ಎರಡೆರಡು ವರ್ಷಕ್ಕೆ ಸಿಗುತ್ತದೆ. ಎಂಟು ದಾಟಿದ ಮೇಲೆ ಪ್ರತಿ ವರ್ಷ ಮಾಡಿಸಬೇಕು. ನೀನು ಹಳೇ ಲೆಕ್ಕದಲ್ಲೇ ಇರಬೇಡ. ಗೋಡೆ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಲ್ಲಿ ಒಂದು ತಿಂಗಳು ಮುಂಚೆಯೇ ಗುರುತು ಹಾಕಿಕೋ.

ಈಗ ಬಾಡಿಗೆಯ ವಿಷಯ. 1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಂ ಏನು ಹೇಳುತ್ತೆ ಗೊತ್ತಾ? ಎಫ್‌ಸಿ ಇಲ್ಲದ ಸಾರಿಗೆ ವಾಹನವನ್ನು ಸರಿಯಾಗಿ ನೋಂದಣಿಯಾದ ಗಾಡಿ ಎಂದೇ ಹಿಡಿಯುವುದಿಲ್ಲ. ಅಂದರೆ ಆರ್‌ಸಿ ನಿನ್ನ ಜೇಬಲ್ಲಿದ್ದರೂ ಕಾನೂನಿನ ಕಣ್ಣಿಗೆ ಅದು ನಂಬರ್ ಇಲ್ಲದ ಗಾಡಿ. ನಮ್ಮ ಎರಡನೇ ಲಾರಿಯದ್ದು ಎಫ್‌ಸಿ ಮುಗಿದು ಒಂಬತ್ತು ದಿನ ಆಗಿತ್ತು. ಸೀಸನ್ನು, ಮಿಲ್ಲಿನವರು ಅವಸರ ಮಾಡುತ್ತಿದ್ದರು. 'ಇದೊಂದು ಲೋಡ್ ಇಳಿಸಿ ಬಂದುಬಿಡಲಿ' ಅಂದೆ ನಾನೇ. ಮಳೆಯಲ್ಲಿ ರಸ್ತೆ ಅಂಚು ಕುಸಿದು ಗಾಡಿ ಮಗ್ಗುಲಾಯಿತು. ದೇವರ ದಯೆ, ಡ್ರೈವರ್‌ಗೂ ಕ್ಲೀನರ್‌ಗೂ ತರಚು ಗಾಯ ಅಷ್ಟೇ. ಶೇಂಗಾ ಮೂಟೆ ಹೊಲದ ತುಂಬ. ಇನ್ಶೂರೆನ್ಸ್ ಚಾಲ್ತಿಯಲ್ಲೇ ಇತ್ತು, ಕಂತು ಒಂದು ದಿನ ತಪ್ಪಿಸಿರಲಿಲ್ಲ. ಆದರೂ ಕ್ಲೇಮ್ ವಾಪಸ್ ಬಂತು. ಪತ್ರದಲ್ಲಿ ಇದ್ದದ್ದು ಒಂದೇ ಕಾರಣ: ಅಪಘಾತದ ದಿನ ಎಫ್‌ಸಿ ಇರಲಿಲ್ಲ. ಕ್ಯಾಬಿನ್ ಎತ್ತಿ ಕೂರಿಸುವುದಕ್ಕೆ ನಾಲ್ಕು ಬಳೆ ಅಡ ಇಟ್ಟೆ. ಎರಡು ಬಿಡಿಸಿಕೊಂಡೆ.

ಪರೀಕ್ಷೆಗೆ ಹೋಗುವ ಮುಂಚೆ ಗಾಡಿಯನ್ನು ನೀನೇ ಒಂದು ಸುತ್ತು ಬಂದು ನೋಡು. ಬ್ರೇಕು, ಹ್ಯಾಂಡ್‌ಬ್ರೇಕು, ಹೆಡ್‌ಲೈಟ್, ಇಂಡಿಕೇಟರ್, ವೈಪರ್, ಕನ್ನಡಿ ಇವು ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ಬೇರೆಯವು. ಸ್ಪೀಡ್ ಗವರ್ನರ್‌ನ ಸೀಲು ಒಡೆದಿದ್ದರೆ ಅಲ್ಲೇ ನಿಂತಿತು ಕೆಲಸ. ಗಂಟೆಗೆ 80 ಕಿಲೋಮೀಟರ್ ದಾಟದ ಹಾಗೆ ಅದು ಇರಬೇಕು. ಪ್ರತಿಫಲಿಸುವ ಟೇಪು ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಮಿರಿಮಿರಿ ಟೇಪು ಅಂಟಿಸಿಕೊಂಡು ಹೋಗಬೇಡ, ಎಐಎಸ್-090 ಅನ್ನುವ ಗುಣಮಟ್ಟದ ಗುರುತು ಇದೆಯಾ ನೋಡು. ಹಿಂದಿನ ಅಡ್ಡ ಕಂಬಿ ಬಗ್ಗಿದ್ದರೆ ನೇರ ಮಾಡಿಸು. ಹಿಂದಿನಿಂದ ಬಂದ ಕಾರು ಲಾರಿಯ ಅಡಿಗೆ ನುಗ್ಗದಿರಲಿ ಅಂತ ಇರುವುದು ಅದು, ಗ್ರೀಸ್ ಡಬ್ಬ ನೇತುಹಾಕುವುದಕ್ಕಲ್ಲ.

ಮತ್ತೆ ಚಾಸಿ ನಂಬರು. ಇದು ಸಣ್ಣದು ಅನ್ನಿಸುತ್ತೆ, ಅರ್ಧ ದಿನ ತಿನ್ನುತ್ತೆ. ಹಿಂದಿನ ದಿನವೇ ಸೀಮೆಎಣ್ಣೆ ಬಟ್ಟೆಯಲ್ಲಿ ತಿಕ್ಕಿ ಗ್ರೀಸು, ಮಣ್ಣು, ಹಳೇ ಪೇಂಟು ಎಲ್ಲ ತೆಗೆಯಬೇಕು. ಮೇಲೆ ತೆಳ್ಳನೆ ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದರೆ ಅಕ್ಷರಗಳು ಒಂದೊಂದೇ ಮೂಡುತ್ತವೆ. ಆರ್‌ಸಿ ಜೊತೆ ಒಂದೊಂದೇ ಅಕ್ಷರ ತಾಳೆ ನೋಡು. ನಮ್ಮ ಮೊದಲ ಗಾಡಿಯಲ್ಲಿ ತುಕ್ಕು ಹಿಡಿದು 8 ಅನ್ನುವುದು 3ರ ಹಾಗೆ ಕಾಣುತ್ತಿತ್ತು. ಬ್ರೇಕ್ ಇನ್ಸ್‌ಪೆಕ್ಟರ್ ಮೊಣಕಾಲೂರಿ ಕೂತು ಟಾರ್ಚ್ ಬಿಟ್ಟು ನೋಡಿದರು, ನನ್ನ ಮುಖ ನೋಡಿದರು, ಮತ್ತೆ ನಂಬರ್ ನೋಡಿದರು. ಕದ್ದ ಗಾಡಿಯೇನೋ ಅನ್ನೋ ಹಾಗೆ! ಅವರದ್ದೂ ತಪ್ಪಿಲ್ಲ ಬಿಡು.

ನೆಲಮಂಗಲದಂಥ ಕಡೆ ಈ ಪರೀಕ್ಷೆ ಮೆಷಿನ್ ಮೇಲೆಯೇ ನಡೆಯುತ್ತದೆ. ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಬ್ರೇಕಿನ ಬಲ ಅಳೆಯುತ್ತಾರೆ. ಎಡಬಲ ಹೆಚ್ಚುಕಡಿಮೆ ಇದ್ದರೆ ಗೊತ್ತಾಗಿಬಿಡುತ್ತದೆ, ಮಾತಿಗೆ ಬಗ್ಗುವುದಿಲ್ಲ. ನನ್ನ ಕೇಳಿದರೆ ಅದೇ ಒಳ್ಳೇದು.

ಪ್ರಶ್ನೆ: ಅಕ್ಕೋರೆ, ನಾನು ಕಬ್ಬು ಬೆಳೆಯೋನು. ಟ್ರಾಕ್ಟರ್‌ಗೆ ನಂಬರ್ ಇದೆ, ಇನ್ಶೂರೆನ್ಸ್ ಇದೆ. ಟ್ರೇಲರ್ ನಮ್ಮೂರ ವೆಲ್ಡಿಂಗ್ ಶಾಪಿನಲ್ಲೇ ಮಾಡಿಸಿದ್ದು, ಅದಕ್ಕೆ ನಂಬರ್ ಇಲ್ಲ. ಟ್ರೇಲರ್‌ಗೆ ಎಂಜಿನ್ನೇ ಇಲ್ಲವಲ್ಲ, ಯಾಕೆ ನಂಬರ್ ಬೇಕು? ಕಬ್ಬಿನ ಸೀಸನ್ ಮುಗಿದ ಮೇಲೆ ಇಟ್ಟಿಗೆ ಹೊಡೆಯಕ್ಕೂ ಕರೀತಾರೆ. ಹೋಗಬಹುದಾ?
— ರೈತರು, ಮದ್ದೂರು

ಉತ್ತರ: ಅಣ್ಣಾ, ಎಂಜಿನ್ ಇಲ್ಲದಿದ್ದರೂ ಕಾಯ್ದೆಯಲ್ಲಿ ಟ್ರೇಲರ್ ಬೇರೆಯೇ ವಾಹನ. 61ನೇ ಕಲಂ ಪ್ರಕಾರ ಬೇರೆ ಗಾಡಿಗಳ ಹಾಗೆ ಅದಕ್ಕೂ ನೋಂದಣಿ ಆಗಬೇಕು. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಟ್ರೇಲರ್‌ಗೆ ಅದರದ್ದೇ ನಂಬರ್ ಇದ್ದರೆ ಸಾಲದು, ಎಳೆಯುವ ಟ್ರಾಕ್ಟರ್‌ನ ನಂಬರ್ ಕೂಡ ಟ್ರೇಲರ್ ಮೇಲೆ ಕಾಣಬೇಕು. ಎರಡು ಟ್ರೇಲರ್ ಕಟ್ಟಿದ್ದರೆ ಕೊನೆಯದರ ಮೇಲೆ. ಹಿಂದೆ ಬರುವವನಿಗೆ ಟ್ರಾಕ್ಟರ್ ಕಾಣುವುದೇ ಇಲ್ಲ, ಅಲ್ವಾ? ಕಬ್ಬಿನ ಗುಡ್ಡ ಮಾತ್ರ ಕಾಣುತ್ತೆ.

ಊರಿನ ವೆಲ್ಡಿಂಗ್ ಶಾಪಿನ ಟ್ರೇಲರ್‌ದೇ ತೊಂದರೆ. ನೋಂದಣಿಗೆ ಫಾರಂ 20ರ ಅರ್ಜಿ ಜೊತೆ ಮಾರಿದವರ ಫಾರಂ 21 (ಮಾರಾಟದ ಪ್ರಮಾಣಪತ್ರ), ತಯಾರಕರ ಫಾರಂ 22 (ಗಾಡಿ ನಿಯಮದಂತೆ ತಯಾರಾಗಿದೆ ಅನ್ನುವ ಪ್ರಮಾಣಪತ್ರ) ಕೇಳುತ್ತಾರೆ. ಬಿಳಿ ಚೀಟಿಯ ಬಿಲ್ಲು ಕೊಟ್ಟ ಶಾಪಿನವನು ಇವನ್ನು ಎಲ್ಲಿಂದ ತರುತ್ತಾನೆ? ಮುಂದಿನ ಸಲ ಮಾಡಿಸುವಾಗ ದುಡ್ಡು ಕೊಡುವ ಮುಂಚೆಯೇ ಈ ಎರಡು ಕಾಗದ ಕೇಳಿ. ಈಗ ಇರುವುದಕ್ಕೆ ದಾರಿ ಇದೆಯಾ ಅಂತ ನಿಮ್ಮ ಆರ್‌ಟಿಓ ಕೌಂಟರಿನಲ್ಲೇ ವಿಚಾರಿಸಿ, ಏಜೆಂಟರ ಹತ್ತಿರ ಅಲ್ಲ. ನಂಬರ್ ಸಿಕ್ಕ ಮೇಲೆ ಟ್ರೇಲರ್‌ಗೂ ಬೇರೆ ಇನ್ಶೂರೆನ್ಸ್ ಕಂತು ಕಟ್ಟಿ. ಪಾಲಿಸಿ ಕಾಗದದಲ್ಲಿ ಟ್ರೇಲರ್ ನಂಬರ್ ಬರೆದಿದೆಯಾ ಕಣ್ಣಾರೆ ನೋಡಿ.

ಇಟ್ಟಿಗೆ ವಿಷಯ. ಕೃಷಿಗೆ ಅಂತ ನೋಂದಣಿ ಮಾಡಿಸಿದ ಟ್ರಾಕ್ಟರನ್ನು ಬಾಡಿಗೆಗೆ ಇಟ್ಟಿಗೆ, ಮರಳು ಸಾಗಿಸಲು ಬಿಟ್ಟರೆ ಅದು ಸಾರಿಗೆ ವಾಹನದ ಕೆಲಸ. ಆಗ ಪರ್ಮಿಟ್ಟು, ಎಫ್‌ಸಿ, ಅದಕ್ಕೆ ತಕ್ಕ ಇನ್ಶೂರೆನ್ಸ್ ಎಲ್ಲ ಬೇಕು. ಊರಲ್ಲಿ ಎಲ್ಲರೂ ಹೊಡೆಯುತ್ತಾರೆ ಅಂತ ನನಗೂ ಗೊತ್ತು. ಏನೂ ಆಗದೆ ಇದ್ದರೆ ಏನೂ ಆಗುವುದಿಲ್ಲ. ಆದರೆ ಒಂದು ಬೈಕ್ ಬಂದು ಗುದ್ದಿದರೆ ಪರಿಹಾರಕ್ಕೆ ನಿಮ್ಮ ಕಬ್ಬಿನ ಗದ್ದೆಯೇ ಗತಿ.

ಡ್ರೈವಿಂಗ್ ಲೈಸೆನ್ಸ್ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳಿಬಿಡ್ತೀನಿ. ಟ್ರಾಕ್ಟರ್ ಓಡಿಸಲು ಲೈಸೆನ್ಸ್ ಇದ್ದವನು ಹಿಂದೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಲೈಸೆನ್ಸ್ ಇಲ್ಲದವನಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಅಷ್ಟು ನೆಮ್ಮದಿ.

ಇನ್ನೊಂದು ಕೋರಿಕೆ. ಹಿಂದಿನ ಕೆಂಪು ಟೇಪಿನ ಮೇಲೆ ಕಬ್ಬಿನ ಸೋಗೆ ಜೋತುಬಿದ್ದು ಪೂರ್ತಿ ಮುಚ್ಚಿಬಿಡುತ್ತೆ. ಲೋಡ್ ಕಟ್ಟಿದ ಮೇಲೆ ಕುಡುಗೋಲಲ್ಲಿ ಆ ಸೋಗೆ ಸವರಿ. ಎರಡು ನಿಮಿಷದ ಕೆಲಸ.

ಪ್ರಶ್ನೆ: ಎರಡು ವರ್ಷದ ಹಿಂದೆ ಲಾರಿ ಮಾರಿದೆ. ಮಾಲೀಕರ ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟೆ. ಕೊಂಡವರು ಹೆಸರು ಬದಲಾಯಿಸಿಕೊಂಡೇ ಇಲ್ಲ. ಈಗ ಬೇರೆ ರಾಜ್ಯದಿಂದ ನನ್ನ ಮೊಬೈಲಿಗೆ ದಂಡದ ಮೆಸೇಜ್ ಬರ್ತಿದೆ. ಗಾಡಿ ನನ್ನದಲ್ಲ ಅಂದರೆ ಸಾಲದಾ?
— ಮಾಜಿ ಮಾಲೀಕರು, ತುಮಕೂರು

ಉತ್ತರ: ಸಾಲದು ಸ್ವಾಮಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಖಡಾಖಂಡಿತ ಹೇಳಿದೆ. ಅದೂ ಒಂದು ಅಪಘಾತದ ಕೇಸಿನಲ್ಲಿ, ಗಾಡಿ ಮೂರ್ನಾಲ್ಕು ಕೈ ಬದಲಾದ ಮೇಲೆ. ದಂಡದ ಮೆಸೇಜ್ ಬಂದದ್ದೇ ಒಳ್ಳೆಯದಾಯಿತು ಅಂದುಕೊಳ್ಳಿ. ಅಪಘಾತದ ಸಮನ್ಸ್ ಬಂದಿದ್ದರೆ?

ಒಂದೇ ರಾಜ್ಯದಲ್ಲಾದರೆ ಮಾರಿದವರು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ನೀವು ಮಾಡಿದ್ದು ಸಹಿ ಮಾತ್ರ, ತಿಳಿಸಲಿಲ್ಲ. ಇವತ್ತೇ ಡೆಲಿವರಿ ಚೀಟಿ, ಕೊಂಡವರ ಗುರುತಿನ ಕಾಗದ, ದುಡ್ಡು ಬಂದ ಬ್ಯಾಂಕ್ ಲೆಕ್ಕ ಸೇರಿಸಿ ಆರ್‌ಟಿಓಗೂ ಇನ್ಶೂರೆನ್ಸ್‌ನವರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆಯಿರಿ. ಸ್ವೀಕೃತಿ ಚೀಟಿ ಜೋಪಾನ. ಕೊಂಡವರಿಗೂ ನೋಟಿಸ್ ಕೊಡಿಸಿ, ಒಬ್ಬ ವಕೀಲರನ್ನು ಹಿಡಿಯಿರಿ. ಸಾಲದ ಗಾಡಿಯಾಗಿದ್ದರೆ ಫಾರಂ 35 ಹಾಕಿ ಆರ್‌ಸಿಯಿಂದ ಸಾಲ ಕೊಟ್ಟವರ ಹೆಸರು ತೆಗೆಸಿದ್ದೀರಾ ಅನ್ನುವುದನ್ನೂ ನೋಡಿ. ನಾನು ಗಾಡಿ ಮಾರಿದಾಗ ಕೊಂಡವರನ್ನು ಕರೆದುಕೊಂಡು ನಾನೇ ಚಿತ್ರದುರ್ಗದ ಆರ್‌ಟಿಓಗೆ ಹೋದೆ. ಅವರಿಗೆ ಸಿಟ್ಟು ಬಂತು. ಬರಲಿ.

ಪ್ರಶ್ನೆ: ನನಗೆ 22 ವರ್ಷ, ಓದಿದ್ದು ಏಳನೇ ಕ್ಲಾಸು. ಕಾರ್ ಲೈಸೆನ್ಸ್ ತಗೊಂಡು ಎಂಟು ತಿಂಗಳಾಯ್ತು. ಹೆವಿ ಲೈಸೆನ್ಸ್ ಸಿಗುತ್ತಾ? ಅಲ್ಲಿವರೆಗೆ ಟಾಟಾ ಏಸ್ ಓಡಿಸಬಹುದಾ?
— ದಾವಣಗೆರೆಯ ಓದುಗ

ಉತ್ತರ: ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನುವ ನಿಯಮ 2019ರಲ್ಲೇ ಹೋಯಿತಪ್ಪ. ನಿನ್ನ ವಯಸ್ಸೂ ಸಾಕು, 20 ತುಂಬಿದ್ದರೆ ಆಯಿತು. ಆದರೆ ಕಾರ್ ಲೈಸೆನ್ಸ್‌ಗೆ ಒಂದು ವರ್ಷ ತುಂಬಬೇಕು. ಇನ್ನು ನಾಲ್ಕು ತಿಂಗಳು ತಡಿ. ಆಮೇಲೆ ಡ್ರೈವಿಂಗ್ ಸ್ಕೂಲಿನ ಫಾರಂ 5 (ಕಲಿತಿದ್ದೀಯ ಅನ್ನುವ ಪ್ರಮಾಣಪತ್ರ), ಡಾಕ್ಟರ ಫಾರಂ 1ಎ (ಆರೋಗ್ಯದ ಪ್ರಮಾಣಪತ್ರ) ಬೇಕು. ಫಾರಂ 5 ಸುಮ್ನೆ ದುಡ್ಡು ಕೊಟ್ಟು ಬರೆಸಿಕೊಳ್ಳಬೇಡ. ಲಾರಿಯ ಹಿಂದಿನ ಚಕ್ರ ತಿರುವಿನಲ್ಲಿ ಎಲ್ಲಿ ಹೋಗುತ್ತೆ ಅನ್ನುವುದು ಸ್ಟೇರಿಂಗ್ ಹಿಡಿದೇ ಕಲಿಯಬೇಕು.

ಟಾಟಾ ಏಸ್ ಓಡಿಸು. ಒಟ್ಟು ತೂಕ 7,500 ಕೆಜಿ ಮೀರದ ಸಾಮಾನು ಗಾಡಿಗೆ ಎಲ್‌ಎಂವಿ, ಅಂದರೆ ಕಾರಿನಂಥ ಹಗುರ ಗಾಡಿಯ ಲೈಸೆನ್ಸ್ ಸಾಕು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ.

ಪ್ರಶ್ನೆ: ಮಾಲೀಕರು ಮೆಕ್ಕೆಜೋಳ ಮೂರು ಟನ್ ಜಾಸ್ತಿ ಹಾಕಿಸ್ತಾರೆ. ಸಿಕ್ಕಿಬಿದ್ದರೆ ದಂಡ ಯಾರ ತಲೆಗೆ?
— ಡ್ರೈವರ್, ರಾಣೆಬೆನ್ನೂರು

ಉತ್ತರ: 194ನೇ ಕಲಂನಲ್ಲಿ ಓಡಿಸಿದವನೂ ಇದ್ದಾನೆ, ಓಡಿಸಲು ಬಿಟ್ಟವನೂ ಇದ್ದಾನೆ. 20,000 ರೂಪಾಯಿ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ನಿಮ್ಮ ಮೂರು ಟನ್ನಿಗೆ ಕಾಯ್ದೆಯ ಲೆಕ್ಕ 26,000. ಜಾಸ್ತಿ ಲೋಡು ಇಳಿಸಿದ ಮೇಲೇ ಗಾಡಿ ಮುಂದೆ ಹೋಗುವುದು, ಹಮಾಲಿ ಖರ್ಚು ನಿಮ್ಮದೇ. ತೂಕಕ್ಕೆ ನಿಲ್ಲಿಸದೆ ಓಡಿಹೋದರೆ 40,000. 2018ರಲ್ಲಿ ಆರು ಚಕ್ರದ ಗಾಡಿಯ ಮಿತಿ 16.2 ಟನ್ನಿನಿಂದ 18.5ಕ್ಕೆ ಏರಿತಲ್ಲ ಅಂತ ಮಾಲೀಕರು ವಾದ ಮಾಡಬಹುದು. ಏರಿದ್ದು ನಿಜ. ಆದರೆ ನಿಮ್ಮ ಗಾಡಿಯ ಆರ್‌ಸಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟೇ. ವೇಬ್ರಿಡ್ಜ್ ಚೀಟಿಯ ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿಯೇ ಹೊರಡಿ. ಅವರು ನೋಡಿದ್ದಕ್ಕೆ ನೀಲಿ ಗುರುತು ಬೀಳಲಿ.

ಪ್ರಶ್ನೆ: ಅಕ್ಕಾ, ಲಾರಿಗೆ ಎಸಿ ಕಡ್ಡಾಯ ಅಂತಾರೆ. ನಮ್ಮನೆಯವರ ಗಾಡಿಗೂ ಹಾಕಿಸ್ತಾರಾ?
— ಡ್ರೈವರ್ ಹೆಂಡತಿ, ಶಿರಾ

ಉತ್ತರ: ಇಲ್ಲಮ್ಮಾ. 2025ರ ಅಕ್ಟೋಬರ್ 1ರಿಂದ ತಯಾರಾಗುವ, ಒಟ್ಟು ತೂಕ 3.5 ಟನ್ ದಾಟಿದ ಹೊಸ ಲಾರಿಗಳ ಕ್ಯಾಬಿನ್ನಿಗೆ ಮಾತ್ರ ಅದು. ಓಡುತ್ತಿರುವ ಹಳೇ ಗಾಡಿಗೆ ಯಾರೂ ಹಾಕಿಸಿಕೊಡುವುದಿಲ್ಲ. ನಮ್ಮವರು ಬೇಸಿಗೆಯಲ್ಲಿ ಬಳ್ಳಾರಿ ಕಡೆ ಹೊರಟರೆ ಕಿಟಕಿಗೆ ಒದ್ದೆ ಟವೆಲ್ ಕಟ್ಟುತ್ತಿದ್ದರು. ಹಿರೇಹಳ್ಳಿ ದಾಟುವಷ್ಟರಲ್ಲಿ ಅದು ಹಪ್ಪಳದ ಹಾಗೆ ಒಣಗಿರುತ್ತಿತ್ತು.