ದೇಶಕ್ಕೆ ಒಳ್ಳೆ ಹೆಸರು ಬರೋದು ಎಲ್ಲಿಂದ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಮ್ಮ ಮಗಳು ಪಿಯುಸಿ ಓದ್ತಿದಾಳೆ, ರಾತ್ರಿಯೆಲ್ಲಾ ಮೊಬೈಲಲ್ಲಿ ಕೊರಿಯನ್ ಸೀರಿಯಲ್ಲು, ಈಗ ಅವರ ಭಾಷೆನೂ ಕಲೀತಿದಾಳೆ. ಬೆಣ್ಣೆದೋಸೆ ಬೇಡ, ರಾಮೆನ್ ತರಿಸಿಕೊಡಿ ಅಂತ ಹಟ. ನಮ್ಮ ಕರ್ನಾಟಕದ ಅರ್ಧದಷ್ಟಿರೋ ದೇಶ ದಾವಣಗೆರೆ ಹುಡುಗೀರ ತಲೇಲಿ ಹೆಂಗೆ ಬಂದು ಕೂತ್ಕೊಂತು? ನಮ್ಮ ಸರ್ಕಾರನೂ ದುಡ್ಡು ಹಾಕಿದ್ರೆ ನಮಗೂ ಆ ಹೆಸರು ಬರುತ್ತಾ?
– ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ಅಕ್ಕಾ, ದುಡ್ಡು ಬೇಕು, ಆದ್ರೆ ಬರೀ ದುಡ್ಡಿಂದ ಬರಲ್ಲ. 1997ರಲ್ಲಿ ದಕ್ಷಿಣ ಕೊರಿಯಾ ದಿವಾಳಿ ಏಳೋ ಹಂತಕ್ಕೆ ಬಂದು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮುಂದೆ ಸಾಲಕ್ಕೆ ನಿಂತಿತ್ತು, ದೇಶದ ಸಾಲ ತೀರಿಸೋಕೆ ಅಂತ ಜನ ಮನೇಲಿದ್ದ ಬಂಗಾರ, ಮದುವೆ ಉಂಗುರ ಕೂಡ ಸಾಲುಗಟ್ಟಿ ನಿಂತು ತಂದು ಕೊಟ್ಟರು. ಅಂಥ ಹೊತ್ತಲ್ಲಿ ಅಧ್ಯಕ್ಷರಾದ ಕಿಮ್ ಡೇ-ಜುಂಗ್ ಅವರು ಕಾರು, ಹಡಗು, ಕಂಪ್ಯೂಟರ್ ಚಿಪ್ ಜೊತೆ ಸಿನಿಮಾ, ಹಾಡು, ಗೇಮ್‌ಗಳೂ ಒಂದು ಉದ್ಯಮ ಅಂತ ಪರಿಗಣಿಸಿದ್ರು, 1999ರಲ್ಲಿ ಅದಕ್ಕೇ ಕಾನೂನು ಬಂತು. ಇಷ್ಟು ಎಲ್ಲರೂ ಹೇಳ್ತಾರೆ. ಜನ ಮರೆಯೋದು ಬೇರೆ ಎರಡು ವಿಷಯ. ಒಂದು, 1996ರಲ್ಲೇ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಸಿನಿಮಾ ಬಿಡುಗಡೆಗೆ ಮೊದಲೇ ಕತ್ತರಿ ಹಾಕೋದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತ್ತು. ಇನ್ನೊಂದು, 35 ವರ್ಷ ತಮ್ಮನ್ನ ಆಳಿದ ಜಪಾನಿನ ಸಿನಿಮಾ, ಹಾಡು, ಕಾಮಿಕ್ಸ್‌ಗೆ ಇದ್ದ ನಿಷೇಧನ 1998ರಿಂದ ಹಂತಹಂತವಾಗಿ ತೆಗೆದರು. ನಮ್ಮದು ಮುಳುಗಿಹೋಗುತ್ತೆ ಅಂತ ಎಷ್ಟು ಜನ ಹೆದರಿದ್ರು! ಮುಳುಗಲಿಲ್ಲ, ಗಟ್ಟಿಯಾಯ್ತು.

ಸರ್ಕಾರ ಕೈ ಜಾಸ್ತಿ ಆಡಿಸಿದ್ರೆ ಏನಾಗುತ್ತೆ ಅನ್ನೋದಕ್ಕೂ ಅವರದೇ ಉದಾಹರಣೆ ಇದೆ. ಅದೇ ಕೊರಿಯಾದಲ್ಲಿ ಮುಂದೆ ಪಾರ್ಕ್ ಗುನ್-ಹೇ ಅಧ್ಯಕ್ಷೆ ಆಗಿದ್ದಾಗ ತಮಗಾಗದ 9 ಸಾವಿರಕ್ಕೂ ಹೆಚ್ಚು ಕಲಾವಿದರ ಕಪ್ಪುಪಟ್ಟಿ ಇಟ್ಟಿದ್ರು ಅಂತ ಬಯಲಾಯ್ತು, ಅವರಿಗೆ ಅನುದಾನ ಸಿಗಬಾರದು ಅಂತ. ಅದರಲ್ಲಿ ನಿರ್ದೇಶಕ ಬಾಂಗ್ ಜೂನ್-ಹೋ ಹೆಸರೂ ಇತ್ತು. 2020ರಲ್ಲಿ ಅವರ ‘ಪ್ಯಾರಸೈಟ್’ ಅತ್ಯುತ್ತಮ ಚಿತ್ರ ಸೇರಿ ನಾಲ್ಕು ಆಸ್ಕರ್ ತಗೊಂತು, ಇಂಗ್ಲಿಷ್ ಅಲ್ಲದ ಸಿನಿಮಾಗೆ ಆ ದೊಡ್ಡ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಅದೂ ಕೊರಿಯಾದ ಬಡವ-ಶ್ರೀಮಂತರ ಅಂತರನ ಮುಚ್ಚುಮರೆ ಇಲ್ಲದೆ ತೋರಿಸಿದ ಸಿನಿಮಾ. ತನ್ನ ಕೊರತೆನ ತಾನೇ ಹೇಳ್ಕೊಳ್ಳೋಕೆ ಬಿಡೋ ದೇಶನ ಹೊರಗಿನವರು ನಂಬ್ತಾರೆ ಅಕ್ಕಾ, ನನಗಂತೂ ಇದರಲ್ಲಿ ಸಂಶಯ ಇಲ್ಲ. ಚೀನಾ 2004ರಿಂದ ಬೇರೆಬೇರೆ ದೇಶಗಳಲ್ಲಿ ತನ್ನ ಭಾಷೆ, ಸಂಸ್ಕೃತಿ ಕಲಿಸೋ ಕನ್‌ಫ್ಯೂಷಿಯಸ್ ಸಂಸ್ಥೆ ತೆರೀತು, ದುಡ್ಡಿಗೇನೂ ಕಮ್ಮಿ ಇರಲಿಲ್ಲ, ಆದ್ರೆ ಸರ್ಕಾರಕ್ಕೆ ಇಷ್ಟವಿಲ್ಲದ ವಿಷಯ ಅಲ್ಲಿ ಮಾತಾಡೋಕಾಗಲ್ಲ ಅನ್ನೋ ಅನುಮಾನ ಬಂದು ಅಮೆರಿಕದಲ್ಲಿ ಬಹಳಷ್ಟು ಮುಚ್ಚಿದವು, ಸ್ವೀಡನ್ನಲ್ಲಿ 2020ರ ಹೊತ್ತಿಗೆ ಒಂದೂ ಉಳೀಲಿಲ್ಲ.

ಮಗಳನ್ನ ಬಯ್ಯಬೇಡಿ. ಕೊರಿಯಾ ಸರ್ಕಾರದ ಗ್ಲೋಬಲ್ ಕೊರಿಯಾ ಸ್ಕಾಲರ್‌ಶಿಪ್ ಅಂತ ಇದೆ, ಫೀಸು, ವಿಮಾನದ ಖರ್ಚು, ತಿಂಗಳ ಭತ್ಯೆ ಎಲ್ಲಾ ಕೊಡ್ತಾರೆ. ಭಾಷೆ ಕಲಿತಿದ್ದು ವೇಸ್ಟ್ ಆಗಲ್ಲ.

ಪ್ರಶ್ನೆ: ಈ ಸಾಫ್ಟ್ ಪವರ್ ಅನ್ನೋದೆಲ್ಲಾ ಅಮೆರಿಕದವರು ಹುಟ್ಟಿಸಿದ್ದು, ನಮಗೆ ಯಾಕ್ರೀ ಬೇಕು?
– ಪದವಿ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಮಾತು 1990ರಲ್ಲಿ ಅಮೆರಿಕದ ಪ್ರೊಫೆಸರ್ ಜೋಸೆಫ್ ನೈ ತಂದಿದ್ದು, ನಿಜ ತಮ್ಮಾ. ಹೆದರಿಸದೆ, ದುಡ್ಡು ಕೊಡದೆ, ಎದುರಿನವರಿಗೇ ನಮ್ಮ ಹಾಗೆ ಇರಬೇಕು ಅನ್ನಿಸೋ ಶಕ್ತಿ. ಆದ್ರೆ ಕೆಲಸ ಹಳೇದು, ನಿಮ್ಮ ಜಿಲ್ಲೇಲೇ ಸಾಕ್ಷಿ ಇದೆ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ಹೋಗಿದೀರಾ? 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಕಂಡುಹಿಡಿದ ಅಶೋಕನ ಶಾಸನ ಅಲ್ಲಿದೆ. ಚಕ್ರವರ್ತಿ ಕಲ್ಲಲ್ಲಿ ಬರೆಸಿದ್ದು ತನ್ನ ಯುದ್ಧದ ಪ್ರತಾಪ ಅಲ್ಲ, ತಂದೆತಾಯಿ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ, ಇಷ್ಟೇ. ಶಾಸನವೆಲ್ಲಾ ಬ್ರಾಹ್ಮಿ ಲಿಪಿ, ಆದ್ರೆ ಬರೆದ ಚಪಡ ಅನ್ನೋ ಲಿಪಿಕಾರ ಕೊನೇಲಿ ತನ್ನ ಕಸುಬಿನ ಪದನ ಖರೋಷ್ಠಿಯಲ್ಲಿ ಕೆತ್ತಿದಾನೆ, ಅದು ಬಲದಿಂದ ಎಡಕ್ಕೆ ಓದೋ, ಈಗಿನ ಪೇಶಾವರ ಕಡೆಯ ಲಿಪಿ. ಅಷ್ಟು ದೂರದ ಅಕ್ಷರ ನಿಮ್ಮ ಬಂಡೆ ಮೇಲೆ ಇದೆ, ನೋಡ್ದೆ ಇರಬೇಡಿ. ಇನ್ನು ಗುಜರಾತಿನ ಗಿರ್ನಾರ್ ಬಂಡೆಯಲ್ಲಿ ಅಶೋಕನೇ ಹೇಳ್ಕೊಂಡಿದಾನೆ, ಚೋಳ, ಪಾಂಡ್ಯ, ಗ್ರೀಕ್ ದೊರೆಯ ನಾಡಿನಲ್ಲೂ ಮನುಷ್ಯರಿಗೆ, ಪ್ರಾಣಿಗಳಿಗೆ ಚಿಕಿತ್ಸೆಯ ವ್ಯವಸ್ಥೆ ಮಾಡಿಸಿದೀನಿ, ಔಷಧಿ ಗಿಡ ಇಲ್ಲದ ಕಡೆ ತರಿಸಿ ನೆಡಿಸಿದೀನಿ ಅಂತ. ಪಕ್ಕದ ದೇಶದವರಿಗೆ ಔಷಧಿ ಕಳಿಸೋದು ಇವತ್ತಿಗೂ ಅದೇ ಕೆಲಸ.

ಪ್ರಶ್ನೆ: ನಮ್ಮ ಮನೆ ಮಹಡಿಯ ಎರಡು ರೂಮು ಬಾಡಿಗೆಗಿದೆ, ಆಫ್ರಿಕಾದ ಇಬ್ಬರು ಸ್ಟೂಡೆಂಟ್ಸ್ ಕೇಳ್ಕೊಂಡು ಬಂದಿದಾರೆ. ಓಣಿಯವರು ಬೇಡ ಅಂತಾರೆ. ಏನು ಮಾಡ್ಲಿ?
– ನಿವೃತ್ತ ಮೇಷ್ಟ್ರು, ದಾವಣಗೆರೆ

ಉತ್ತರ: ಕೊಡಿ ಮೇಷ್ಟ್ರೇ. ಮೇಲಿನ ಎರಡು ಪ್ರಶ್ನೆಗಿಂತ ನಿಮ್ಮದೇ ದೊಡ್ಡದು. ಯೋಗ ದಿನದ ನಿರ್ಣಯಕ್ಕೆ 2014ರಲ್ಲಿ ವಿಶ್ವಸಂಸ್ಥೆಯಲ್ಲಿ 170ಕ್ಕೂ ಹೆಚ್ಚು ದೇಶ ನಮ್ಮ ಜೊತೆ ಸಹಿ ಹಾಕಿದವು, ಹೆಮ್ಮೆಯ ವಿಷಯ, ಆದ್ರೆ 2016ರಲ್ಲಿ ಬೆಂಗಳೂರಲ್ಲಿ ತಾಂಜಾನಿಯಾ ವಿದ್ಯಾರ್ಥಿನಿ ಮೇಲೆ ಗುಂಪು ಹಲ್ಲೆ ಮಾಡಿದ್ದು, 2017ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ಆಫ್ರಿಕನ್ ಹುಡುಗರಿಗೆ ಹೊಡೆದಿದ್ದು, ಆಮೇಲೆ ಆಫ್ರಿಕಾ ದೇಶಗಳ ರಾಯಭಾರಿಗಳೆಲ್ಲಾ ಸೇರಿ ಖಂಡನೆ ಹೊರಡಿಸಿದ್ದು, ಇದು ಯಾವ ಯೋಗ ದಿನಕ್ಕೂ ತೊಳೆಯಕ್ಕಾಗಲ್ಲ. ಇದರ ಉಲ್ಟಾನೂ ನಿಜ, ಶಿಮ್ಲಾದಲ್ಲಿ ಓದಿ ಹೋದ ಹಮೀದ್ ಕರ್ಜಾಯಿ ಮುಂದೆ ಅಫ್ಘಾನಿಸ್ತಾನದ ಅಧ್ಯಕ್ಷರಾದ್ರು, ಇಂಡಿಯಾದ ಬಗ್ಗೆ ಅವರ ಬಾಯಲ್ಲಿ ಯಾವಾಗಲೂ ಒಳ್ಳೆ ಮಾತೇ.

ಪಾಸ್‌ಪೋರ್ಟು, ವೀಸಾ, ಕಾಲೇಜಿನ ಪತ್ರದ ಜೆರಾಕ್ಸ್ ಇಸ್ಕೊಳ್ಳಿ, ಎಲ್ಲರ ಹತ್ರ ಮಾಡಿಸೋ ಹಾಗೆ ಬಾಡಿಗೆ ಕರಾರು ಮಾಡಿಸಿ, ಅಡ್ವಾನ್ಸ್ ಬೇರೆಯವರಿಗಿಂತ ಜಾಸ್ತಿ ಕೇಳಬೇಡಿ. ವಿದೇಶಿಯರು ಬಂದ 24 ಗಂಟೆ ಒಳಗೆ ಮನೆ ಮಾಲೀಕರು ಆನ್‌ಲೈನಲ್ಲಿ ಮಾಹಿತಿ ಕೊಡಬೇಕು, ಪೊಲೀಸ್ ಸ್ಟೇಷನ್ನಲ್ಲಿ ಕೇಳಿದ್ರೆ ಹೇಳ್ತಾರೆ. ಓಣಿಯವರನ್ನ ಒಂದು ಸಂಜೆ ಮನೆಗೆ ಕರೀರಿ, ಆ ಹುಡುಗರನ್ನೂ ಕೂರಿಸಿ, ಮಂಡಕ್ಕಿ-ಮಿರ್ಚಿ ತರಿಸಿ, ಮಾತು ನೀವೇ ಶುರು ಮಾಡಿ.